ಕೊಳ್ಳಲಿರುವ ರಾಯರು

ಹೊಸ ಲ್ಯಾಪ್‌ಟಾಪ್ ಕೊಂಡವರು ನಮ್ಮ ಬೀದಿಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಕೊಳ್ಳಲಿರುವವರು ಒಬ್ಬರೇ, ರಾಯರು. ಕೊಂಡವರ ವಿಷಯದಲ್ಲಿ ಹೇಳುವುದಕ್ಕೆ ಹೆಚ್ಚೇನೂ ಇರುವುದಿಲ್ಲ. ದುಡ್ಡು ಕೊಟ್ಟರು, ಡಬ್ಬ ತಂದರು, ಮೇಲಿನ ಪ್ಲಾಸ್ಟಿಕ್ ಕಿತ್ತರು, ಮುಗಿಯಿತು. ಕೊಳ್ಳಲಿರುವವರ ಬದುಕು ಹಾಗಲ್ಲ. ಅದಕ್ಕೊಂದು ಗುರಿಯಿದೆ, ಅಧ್ಯಯನವಿದೆ, ಬೆಳಗ್ಗೆ ಎದ್ದರೆ ನೋಡಬೇಕಾದ ವಿಡಿಯೋಗಳಿವೆ. ಈ ಮನುಷ್ಯ ಒಂದು ದಿನ ನಿಜಕ್ಕೂ ಕೊಂಡುಬಿಟ್ಟರೆ ಮಾರನೆಯ ದಿನದಿಂದ ಹೊತ್ತು ಹೇಗೆ ಕಳೆಯುತ್ತಾರೋ ಎಂದು ನನಗೆ ಎಷ್ಟೋ ಸಲ ಚಿಂತೆಯಾಗಿದೆ.

ರಾಯರು ಸ್ಟ್ರಕ್ಚರಲ್ ಇಂಜಿನಿಯರು. ಹನುಮಂತನಗರದ ಮನೆಯ ಕಾರ್‌ಶೆಡ್ಡನ್ನೇ ಆಫೀಸು ಮಾಡಿಕೊಂಡು ಇಬ್ಬರು ಹುಡುಗರನ್ನು ಇಟ್ಟುಕೊಂಡಿದ್ದಾರೆ. ಕಾರು ರಸ್ತೆಯಲ್ಲಿ ನಿಲ್ಲುತ್ತದೆ. ಬರುವ ಕೆಲಸವೆಲ್ಲ ಹೆಚ್ಚುಕಮ್ಮಿ ಮೂವತ್ತು-ನಲವತ್ತರ ಸೈಟಿನದು: ಕೆಳಗೆ ಪಾರ್ಕಿಂಗು, ಮೇಲೆ ಎರಡೋ ಮೂರೋ ಮಹಡಿ, ತುದಿಗೊಂದು ನೀರಿನ ಟ್ಯಾಂಕು. ಆರ್ಕಿಟೆಕ್ಟ್ ನಕ್ಷೆ ಬರೆದುಕೊಟ್ಟರೆ, ಯಾವ ಕಾಲಮ್ಮಿಗೆ ಎಷ್ಟು ಕಂಬಿ, ಯಾವ ಬೀಮು ಎಷ್ಟು ಆಳ ಎಂದು ಲೆಕ್ಕ ಹಾಕಿ ಹೇಳುವುದು ರಾಯರ ಕಸುಬು. ಅದರಲ್ಲಿ ಅವರು ಗಟ್ಟಿಗರು. ರಾಯರು ಲೆಕ್ಕ ಹಾಕಿದ ಮನೆ ತಾನಾಗಿ ಬೀಳುವುದಿಲ್ಲ. ಬೀಳಿಸುತ್ತೇವೆಂದರೂ ಬೀಳುವುದಿಲ್ಲ ಎಂದು ಜೆಸಿಬಿಯವರು ಗೊಣಗುತ್ತಾರೆ.

ಈಗ ಅವರ ಮೇಜಿನ ಮೇಲಿರುವ ಲ್ಯಾಪ್‌ಟಾಪಿನ ಸ್ಥಿತಿ ನೋಡಬೇಕು. ಹಿಂಜು ಮುರಿದು ಪರದೆ ಹಿಂದಕ್ಕೆ ವಾಲುತ್ತದೆ, ಅದರ ಬೆನ್ನಿಗೆ ಕಾಂಕ್ರೀಟ್ ಕೋಡಿನ ದಪ್ಪ ಪುಸ್ತಕಗಳನ್ನು ಆನಿಸಿದ್ದಾರೆ. ಬ್ಯಾಟರಿ ಸತ್ತಿದೆ, ಆದ್ದರಿಂದ ಪ್ಲಗ್ಗು ಒಂದಿಷ್ಟು ಅಲ್ಲಾಡಿದರೂ ಆರಿಹೋಗುತ್ತದೆ. ಬೆಳಗ್ಗೆ ಕಸ ಗುಡಿಸುವಾಕೆ ಮೇಜಿನ ಬಳಿ ಬಂದರೆ ಮೂರೂ ಜನ ಒಟ್ಟಿಗೆ "ವೈರು, ವೈರು" ಎಂದು ಕೂಗುತ್ತಾರೆ. ಫ್ಯಾನಿನ ಜಾಲರಿಯೊಳಗೆ ಹಿಂದಿನ ಆಯುಧಪೂಜೆಗಳ ಅರಿಶಿನ ಕುಂಕುಮವೆಲ್ಲ ಸೇರಿಕೊಂಡಿದೆ. ಯಂತ್ರ ಬಿಸಿಯಾದಾಗ ಆಫೀಸಿನಲ್ಲಿ ಹಬ್ಬದ ವಾಸನೆ ಬರುತ್ತದೆ.

ಇದರ ಬದಲಿಗೆ ಯಾವುದು ಎಂಬುದರಲ್ಲಿ ಎರಡು ಪಕ್ಷ. ಎರಡಕ್ಕೂ ರಾಯರೇ ನಾಯಕರು. ಬೆಳಗ್ಗೆ ಸ್ನಾನ, ತಿಂಡಿ ಮುಗಿಸಿ ಆಫೀಸಿಗಿಳಿಯುವಾಗ ಅವರು ಭಾರದ ಪಕ್ಷ. ಸಂಜೆ ಸೈಟು ಸುತ್ತಿ ಭುಜ ನೀವಿಕೊಳ್ಳುತ್ತ ಬರುವಾಗ ಹಗುರದ ಪಕ್ಷ.

ಭಾರದ್ದು ಎಂದರೆ ಥಿಂಕ್‌ಪ್ಯಾಡ್ ಪಿ, ಡೆಲ್ ಪ್ರಿಸಿಷನ್, ಎಚ್‌ಪಿ ಝೆಡ್‌ಬುಕ್ ಮುಂತಾದ ವರ್ಕ್‌ಸ್ಟೇಷನ್ ಮನೆತನ. ದೊಡ್ಡ ಪರದೆ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು, ಕೆಲವದರಲ್ಲಿ ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವ ಮೆಮೊರಿ. ಇಂಜಿನಿಯರಿಂಗ್ ಸಾಫ್ಟ್‌ವೇರ್ ಕಂಪನಿಗಳು ಇಂಥ ಯಂತ್ರಗಳನ್ನು ಪರೀಕ್ಷಿಸಿ, ತಮ್ಮ ಸರಕು ಇದರಲ್ಲಿ ಸರಿಯಾಗಿ ಓಡುತ್ತದೆಂದು ಸರ್ಟಿಫಿಕೇಟನ್ನೂ ಕೊಡುತ್ತವೆ. ಸರ್ಟಿಫಿಕೇಟೆಂದರೆ ರಾಯರಿಗೆ ಪ್ರಾಣ. ಕಂಬಿಯ ಲಾರಿ ಬಂದು ನಿಂತರೆ ಕಂಬಿ ನೋಡುವುದಕ್ಕಿಂತ ಮೊದಲು ಟೆಸ್ಟ್ ಸರ್ಟಿಫಿಕೇಟು ಕೇಳುವ ಜೀವ ಅದು.

ಹಗುರದ್ದು ಎಂದರೆ ಎಲ್‌ಜಿ ಗ್ರಾಮ್, ಥಿಂಕ್‌ಪ್ಯಾಡ್ ಎಕ್ಸ್1 ಕಾರ್ಬನ್, ಮ್ಯಾಕ್‌ಬುಕ್ ಏರ್, ಹೀಗೆ ಕೆಜಿಯ ಆಸುಪಾಸಿನವು. 2008ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ವೇದಿಕೆಯ ಮೇಲೆ ಕಾಗದದ ಕವರಿನಿಂದ ಏರನ್ನು ಎಳೆದು ತೋರಿಸಿದ್ದು ರಾಯರ ಕಣ್ಣಿಗೆ ಕಟ್ಟಿದಂತಿದೆ. ಪಾಲಿಕೆಗೆ ಹೋಗಬೇಕಾದ ಖಾಕಿ ಕವರು ಕೈಗೆ ಬಂದಾಗಲೆಲ್ಲ ಅದರೊಳಗಿನ ನಕ್ಷೆಯನ್ನು ಎರಡೇ ಬೆರಳಲ್ಲಿ ಹಾಗೇ ಎಳೆದು ನಮಗೆ ತೋರಿಸುತ್ತಾರೆ. ಆದರೆ ಅವರ ಕೆಲಸದ ಈಟ್ಯಾಬ್ಸ್, ರೆವಿಟ್ ಎರಡೂ ವಿಂಡೋಸಿಗೆಂದೇ ಮಾಡಿದವು. ಇದು ಚೆನ್ನಾಗಿ ಗೊತ್ತಿದ್ದೂ ಪಟ್ಟಿಯಿಂದ ಏರ್ ಹೆಸರನ್ನು ಹೊಡೆದುಹಾಕಿಲ್ಲ. "ಇರಲಿ ಸ್ವಾಮಿ, ಹೋಲಿಸಿ ನೋಡೋದಕ್ಕೆ ಬೇಕು" ಎನ್ನುತ್ತಾರೆ.

ಹಗುರದ್ದರ ದೋಷವನ್ನು ರಾಯರ ಬಾಯಲ್ಲೇ ಕೇಳಬೇಕು. ತೆಳ್ಳಗಿನ ಮೈಯಲ್ಲಿ ಬಿಸಿ ಹೊರಹಾಕುವ ತಾಮ್ರದ ಕೊಳವೆಗೂ ಫ್ಯಾನಿಗೂ ಜಾಗ ಸಾಲದು. ಮೊದಲ ಒಂದೆರಡು ನಿಮಿಷ ಯಂತ್ರ ಜೋರಾಗಿಯೇ ಓಡುತ್ತದೆ, ಆಮೇಲೆ ಪ್ರೊಸೆಸರು ತನ್ನ ಮೈ ಕಾಪಾಡಿಕೊಳ್ಳಲು ವೇಗ ಇಳಿಸಿಬಿಡುತ್ತದೆ. "ಮದುವೆ ಮನೇಲಿ ಮೊದಲನೇ ಪಂಕ್ತಿಗೆ ಬಡಿಸೋ ಹುರುಪು ಮೂರನೇ ಪಂಕ್ತಿಗೆ ಇರತ್ತಾ? ಹಾಗೆ."

ಇಷ್ಟು ಬಲ್ಲವರು ಭಾರದ್ದನ್ನೇ ತೆಗೆದುಕೊಳ್ಳಬಹುದಲ್ಲ ಎಂದರೆ ಅದರ ಜಾತಕವೂ ಅವರ ಬಳಿ ಇದೆ. ಅದರ ಪೂರ್ತಿ ಶಕ್ತಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದಾಗ ಮಾತ್ರ. ಬ್ಯಾಟರಿಯ ಮೇಲೆ ಓಡಿಸಿದರೆ ಗ್ರಾಫಿಕ್ಸ್ ಕಾರ್ಡು ಅರೆನಿದ್ದೆಗೆ ಜಾರುತ್ತದೆ. ಇನ್ನೂ ದೊಡ್ಡ ಬ್ಯಾಟರಿ ಇಡೋಣವೆಂದರೆ ವಿಮಾನದವರು ಬಿಡುವುದಿಲ್ಲ: 100 ವ್ಯಾಟ್-ಅವರ್ ದಾಟಿದರೆ ಮುಂಚೆಯೇ ಒಪ್ಪಿಗೆ ಕೇಳಬೇಕು. ಅದಕ್ಕೇ ಎಂಥ ದೈತ್ಯ ಲ್ಯಾಪ್‌ಟಾಪಿನಲ್ಲೂ ಬ್ಯಾಟರಿ 99ರ ಹತ್ತಿರ ಬಂದು ನಿಂತುಬಿಡುತ್ತದೆ. ರಾಯರು ವಿಮಾನ ಹತ್ತಿದ್ದನ್ನು ನಮ್ಮ ಬೀದಿಯಲ್ಲಿ ಯಾರೂ ಕಂಡಿಲ್ಲ. "ಆದ್ರೂ ಪ್ರೊವಿಷನ್ ಇರಬೇಕು" ಎಂದು ಅವರ ವಾದ.

ಈ ಪ್ರೊವಿಷನ್ನೇ ಅವರ ಜೀವಾಳ. ಮಾಲೀಕ ಎರಡು ಮಹಡಿ ಎಂದರೆ ರಾಯರು ನಾಲ್ಕಕ್ಕೆ ಪಾಯ ಹಾಕಿಸುತ್ತಾರೆ. ಕಾಂಕ್ರೀಟ್ ಕೋಡು ಐಎಸ್ 456:2000 ಹೇಳುವಂತೆ ಭಾರವನ್ನು 1.5ರಿಂದ ಗುಣಿಸಬೇಕು, ಕಾಂಕ್ರೀಟಿನ ಬಲವನ್ನು 1.5ರಿಂದಲೂ ಉಕ್ಕಿನ ಬಲವನ್ನು 1.15ರಿಂದಲೂ ಭಾಗಿಸಬೇಕು. ಇಷ್ಟಾದ ಮೇಲೆ ರಾಯರು "ಇರಲಿ" ಎಂದು ಇನ್ನೆರಡು ಕಂಬಿ ಸೇರಿಸುತ್ತಾರೆ. ಅದು ಕೋಡಿನಲ್ಲಿಲ್ಲ, ರಾಯರಲ್ಲಿದೆ. ಲ್ಯಾಪ್‌ಟಾಪಿನ ಮೆಮೊರಿಗೂ ಅದೇ ಲೆಕ್ಕ.

"ಈಗಿನ ಕೆಲಸಕ್ಕೆ 16 ಜಿಬಿ ಸಾಕು. ಒಂದೂವರೆಯಿಂದ ಗುಣಿಸು, 24. ಮೇಲಕ್ಕೆ ರೌಂಡ್ ಮಾಡು, 32. ಭೂಕಂಪಕ್ಕೆ ಅಂತ ಏನಾದ್ರೂ ಬಿಡಬೇಕಲ್ಲ, 64."

"ಮೆಮೊರಿಗೆ ಭೂಕಂಪ ಯಾಕೆ ಸಾರ್?" ಎಂದ ಆಫೀಸಿನ ಹುಡುಗ.

"ವಿಂಡೋಸ್ ಅಪ್‌ಡೇಟ್ ಯಾವಾಗ ಬರತ್ತೆ, ಎಷ್ಟು ಹೊತ್ತು ಅಲ್ಲಾಡ್ಸತ್ತೆ ಅಂತ ನಿನಗೆ ಮುಂಚೆ ಗೊತ್ತಿರತ್ತಾ? ಅದಕ್ಕೆ."

ಒಳಗಿನ ಸಂಗತಿ ಬೇರೆ. ಮೂರು ಮಹಡಿಯ ಮನೆಯ ವಿಶ್ಲೇಷಣೆ ಎಂಥ ಯಂತ್ರದಲ್ಲೂ ರಾಯರು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಮುಗಿಯುತ್ತದೆ. ಮಾಡುವವನೂ ಆ ಹುಡುಗನೇ, ಅವನದೇ ಲ್ಯಾಪ್‌ಟಾಪಿನಲ್ಲಿ. ರಾಯರ ಯಂತ್ರದಲ್ಲಿ ಸದಾ ತೆರೆದಿರುವುದು ಎರಡೇ: ವಾಟ್ಸಾಪು, ಮತ್ತು ಲ್ಯಾಪ್‌ಟಾಪುಗಳನ್ನು ಹೋಲಿಸುವ ಎಕ್ಸೆಲ್ ಹಾಳೆ. ಬೆಲೆ, ಶೇಕಡ 18 ಜಿಎಸ್‌ಟಿ, ತೂಕ, ಫ್ಯಾನಿನ ಸದ್ದು, ಹಿಂಜಿನ ಲೋಹ ಎಂದು ಕಾಲಮ್ಮುಗಳು ಬಲಕ್ಕೆ ಬೆಳೆಯುತ್ತಲೇ ಇವೆ. ಆ ಯಂತ್ರಕ್ಕೆ ನಿಜವಾಗಿ ಏದುಸಿರು ಬರಿಸುತ್ತಿರುವ ಕಡತ ಅದೊಂದೇ.

ತೂಕದ ವಿಷಯದಲ್ಲಿ ರಾಯರು ಕಂಪನಿಯ ಮಾತನ್ನು ನಂಬುವುದಿಲ್ಲ. ಸೂಟ್‌ಕೇಸು ತೂಗುವ, ಕೊಕ್ಕೆ ಇರುವ ಪುಟ್ಟ ಡಿಜಿಟಲ್ ತಕ್ಕಡಿ ಅವರ ಬ್ಯಾಗಿನಲ್ಲಿ ಸದಾ ಇರುತ್ತದೆ. ಒಮ್ಮೆ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರಸ್ತೆಗೆ ನನ್ನನ್ನೂ ಕರೆದುಕೊಂಡು ಹೋದರು. ಇಬ್ಬರು ಎದುರುಬದುರಾದರೆ ಒಬ್ಬರು ಹಿಂದಕ್ಕೆ ಇಳಿಯಬೇಕಾದ ಮೆಟ್ಟಿಲು, ಮೇಲೆ ಅಂಗಡಿ. ಹುಡುಗ ಒಂದು ವರ್ಕ್‌ಸ್ಟೇಷನ್ ತಂದು ಗಾಜಿನ ಮೇಲಿಟ್ಟ. ರಾಯರು ಸೀರೆ ಅಂಗಡಿಯ ಬಟ್ಟೆ ಚೀಲವೊಂದನ್ನು ತೆಗೆದು, ಲ್ಯಾಪ್‌ಟಾಪನ್ನು ಅದರಲ್ಲಿ ಇಳಿಸಿ, ಹಿಡಿಕೆಗೆ ಕೊಕ್ಕೆ ಹಾಕಿ, ಉಸಿರು ಬಿಗಿಹಿಡಿದು ಎತ್ತಿದರು. ತಕ್ಕಡಿ ಪೀಂ ಎಂದಿತು. 2.94.

"ಅಡಾಪ್ಟರ್ ಕೊಡಪ್ಪ."

230 ವ್ಯಾಟಿನ ಅಡಾಪ್ಟರು, ಅದರ ಮಾರುದ್ದ ವೈರು ಸಮೇತ ಚೀಲಕ್ಕೆ ಬಿತ್ತು. 3.82.

"ನೋಡಿದ್ರಾ ಇವ್ರೇ?" ಎಂದು ನನ್ನ ಕಡೆ ತಿರುಗಿದರು. "ಕಂಪನಿಯವರು ಬರೀ ಡೆಡ್ ಲೋಡ್ ಬರೀತಾರೆ. ಮಿಕ್ಕಿದ್ದು ಯಾರು ಹೊರೋದು?"

ಅಂಗಡಿಯ ಹುಡುಗ ಜಾಣ. ಮಾತಾಡದೆ ಒಳಗೆ ಹೋಗಿ ಹಗುರದ್ದೊಂದನ್ನು ತಟ್ಟೆಯಲ್ಲಿ ತಾಂಬೂಲ ಕೊಡುವ ಭಂಗಿಯಲ್ಲಿ ತಂದು ಹಿಡಿದ. ಅಡಾಪ್ಟರೂ ಸೇರಿ ಒಂದೂವರೆ ಕೆಜಿ ಮುಟ್ಟಲಿಲ್ಲ. ರಾಯರ ಮುಖ ಅರಳಿತು. ಆಯಿತು, ಇವತ್ತು ಇವರು ಕೊಳ್ಳುತ್ತಾರೆ ಎಂದು ನಾನು ಕಾರ್ಡಿನ ಕಡೆ ನೋಡುತ್ತಿದ್ದೆ. ಅಷ್ಟರಲ್ಲಿ ಅವರ ಬಲಗೈ ಹೆಬ್ಬೆರಳು ಕೀಬೋರ್ಡಿನ ನಟ್ಟನಡುವೆ ಇಳಿಯಿತು. ಮೈ ಕೂದಲೆಳೆಯಷ್ಟು ಬಗ್ಗಿತು.

"ಡಿಫ್ಲೆಕ್ಷನ್," ಎಂದರು ರಾಯರು, ರೋಗ ಪತ್ತೆಯಾದ ಧ್ವನಿಯಲ್ಲಿ. "ಸ್ಪ್ಯಾನ್ ಬೈ 250 ಒಳಗಿರಬೇಕಪ್ಪ ಇದು."

"ಸಾರ್, ಇದರ ಮೇಲೆ ಯಾರೂ ಮನೆ ಕಟ್ಟಲ್ಲ ಸಾರ್," ಎಂದ ಹುಡುಗ.

ಮೆಟ್ಟಿಲಿಳಿಯುವಾಗ ರಾಯರಿಗೆ ಬೇಸರವೇನೂ ಇದ್ದಂತೆ ಕಾಣಲಿಲ್ಲ. ಸಂಶೋಧನೆ ಮುಂದುವರಿದದ್ದರ ತೃಪ್ತಿಯೇ ಇತ್ತು. 1981ರ ಆಸ್ಬೋರ್ನ್ 1 ಎಂಬ ಕಂಪ್ಯೂಟರು ಸುಮಾರು ಹನ್ನೊಂದು ಕೆಜಿ ಇತ್ತೆಂದೂ, ಐದು ಇಂಚಿನ ಪರದೆಯ ಆ ಪೆಟ್ಟಿಗೆಯನ್ನೂ ಕೈಯಲ್ಲಿ ಒಯ್ಯುವ ಕಂಪ್ಯೂಟರೆಂದೇ ಮಾರಿದರೆಂದೂ ಹೇಳಿದರು. "ಆಗಿನೋರ ಭುಜ ಭುಜ ಸ್ವಾಮಿ" ಎಂದು ಸೇರಿಸಿದರು.

ಭುಜದ ಮಾತು ಬಂದದ್ದಕ್ಕೆ ಸೈಟಿನ ಪ್ರಸಂಗವನ್ನೂ ಹೇಳಿಬಿಡುತ್ತೇನೆ. ಪ್ರಯೋಗಕ್ಕೆಂದು ಸ್ನೇಹಿತರೊಬ್ಬರ ದೈತ್ಯ ಲ್ಯಾಪ್‌ಟಾಪನ್ನು ಎರವಲು ತಂದು, ಸ್ಕೂಟರಿನಲ್ಲಿ ಕಾಲ ಬಳಿ ಇಟ್ಟುಕೊಂಡು, ರಾಯರು ಕನಕಪುರ ರಸ್ತೆಯ ಸೈಟಿಗೆ ಹೋದರು. ಸಿಮೆಂಟು ಮೂಟೆಗಳ ಮೇಲೆ ಅದನ್ನು ಪ್ರತಿಷ್ಠಾಪಿಸಿ, ಇಡೀ ಮನೆಯ ಮೂರು ಆಯಾಮದ ಚಿತ್ರ ತೆರೆದು, ಮೇಸ್ತ್ರಿಯನ್ನು ಕರೆದರು. ಮೇಸ್ತ್ರಿ ತಲೆಗೆ ಸುತ್ತಿದ್ದ ಟವಲು ಬಿಚ್ಚಿ ಭಕ್ತಿಯಿಂದಲೇ ಬಗ್ಗಿ ನೋಡಿದ.

"ಏನ್ ಕಾಣ್ತಾ ಇದೆ ಹೇಳು."

"ನನ್ ಮುಖನೇ ಕಾಣ್ತೈತೆ ಸಾ."

ಹನ್ನೊಂದು ಗಂಟೆಯ ಬಿಸಿಲು. ಸೆಂಟ್ರಿಂಗ್‌ನವರ ಪ್ಲೈವುಡ್ ಹಲಗೆಯೊಂದನ್ನು ಇಬ್ಬರು ಆಳುಗಳು ನೆರಳಿಗೆ ಎತ್ತಿ ಹಿಡಿದರು. ಈಗ ಚಿತ್ರ ಕಂಡಿತು, ಬ್ಯಾಟರಿ ಇಳಿಯಿತು. ಸೈಟಿನಲ್ಲಿದ್ದದ್ದು ಒಂದೇ ಟೆಂಪರವರಿ ಕನೆಕ್ಷನ್ನು. ಅದರಲ್ಲೇ ವೈಬ್ರೇಟರು, ಅದರಲ್ಲೇ ಕಂಬಿ ಕತ್ತರಿಸುವ ಮಷೀನು. ಮಷೀನು ಹಾಕಿದಾಗಲೆಲ್ಲ ಶೆಡ್ಡಿನ ಬಲ್ಬು ಕಣ್ಣು ಮುಚ್ಚುತ್ತಿತ್ತು. ಲಕ್ಷಗಟ್ಟಲೆ ಬೆಲೆಯ ಸಾಮಾನನ್ನು, ಅದೂ ಪರರದ್ದನ್ನು, ಆ ಪ್ಲಗ್ಗಿಗೆ ಸಿಕ್ಕಿಸಲು ರಾಯರಿಗೆ ಧೈರ್ಯ ಬರಲಿಲ್ಲ.

"ಪೇಪರ್ ಐತಾ ಸಾ?" ಎಂದ ಮೇಸ್ತ್ರಿ, ಅವರ ಮನಸ್ಸಿಗೆ ನೋವಾಗದ ಹಾಗೆ.

ಇತ್ತು. ಸ್ಕೂಟರಿನ ಡಿಕ್ಕಿಯಲ್ಲಿ, ಪ್ರೊವಿಷನ್ನಿಗೆಂದು. ಮೇಸ್ತ್ರಿ ಅದನ್ನು ನೆಲದ ಮೇಲೆ ಹರಡಿ, ನಾಲ್ಕು ಮೂಲೆಗೆ ನಾಲ್ಕು ಜಲ್ಲಿಕಲ್ಲು ಇಟ್ಟು, ಬೆರಳಲ್ಲಿ ಕಾಲಮ್ಮುಗಳನ್ನು ಎಣಿಸಿ, ಎಲ್ಲಿ ಎಷ್ಟು ಕಂಬಿ ಎಂದು ಗಟ್ಟಿಯಾಗಿ ಓದಿಕೊಂಡು, ಮಡಚಿ ಅಂಗಿಯ ಜೇಬಿಗೆ ಸೇರಿಸಿದ. ಕೆಲಸ ಆಯಿತು. ರಾಯರು ಮನೆಗೆ ಬಂದವರೇ ಎಕ್ಸೆಲ್ ಹಾಳೆಗೆ 'ಬಿಸಿಲಿನಲ್ಲಿ ಪರದೆ' ಎಂಬ ಹೊಸ ಕಾಲಮ್ ಸೇರಿಸಿ ಬೆಳಕನ್ನು ಅಳೆಯುವ ನಿಟ್ಸ್ ಲೆಕ್ಕ ಬರೆಯತೊಡಗಿದರು. ಕಾಗದಕ್ಕೆ ಮಾತ್ರ ಆ ಹಾಳೆಯಲ್ಲಿ ಇವತ್ತಿಗೂ ಜಾಗವಿಲ್ಲ.

ಇನ್ನು ಕೊಳ್ಳುವ ಕಾಲ. ಇದು ರಾಯರ ಇನ್ನೊಂದು ಶಾಸ್ತ್ರ. ಜನವರಿಯಲ್ಲಿ ಲಾಸ್ ವೇಗಾಸಿನ ಮೇಳದಲ್ಲಿ ಹೊಸ ಚಿಪ್ಪು ಘೋಷಣೆಯಾಗುತ್ತದೆ, ಅದು ಎಸ್.ಪಿ. ರಸ್ತೆಗೆ ಇಳಿಯುವ ತನಕ ಹಳೆಯದನ್ನು ಕೊಳ್ಳುವುದು ದಡ್ಡತನ. ಇಳಿಯುವ ಹೊತ್ತಿಗೆ ತೈಪೆಯ ಮೇಳ ಬಂದು ಮುಂದಿನ ಚಿಪ್ಪಿನ ಸುದ್ದಿ. ಆಷಾಢದಲ್ಲಿ ಮನೆಯವರು ಬೇಡ ಎನ್ನುತ್ತಾರೆ. ಕಂಪ್ಯೂಟರಿಗೆ ವರ್ಷಕ್ಕೆ ಶೇಕಡ 40 ಸವಕಳಿ ತೋರಿಸಬಹುದು, ಆದರೆ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದರೆ ಅದರಲ್ಲಿ ಅರ್ಧವೇ ಸಿಗುತ್ತದೆ, ಆದ್ದರಿಂದ ಅಕ್ಟೋಬರ್ ಆರಂಭದೊಳಗೆ ಮುಗಿಸಿ ಎಂದು ಆಡಿಟರು. ಅಷ್ಟೊತ್ತಿಗೆ ಸರಿಯಾಗಿ ಪಿತೃಪಕ್ಷ. ದೀಪಾವಳಿಗೆ ಬೆಲೆ ಇಳಿಯುತ್ತದೆ ನಿಜ, ಸವಕಳಿ ಅರ್ಧವಾಗಿರುತ್ತದೆ, ಮತ್ತು ಜನವರಿ ಹತ್ತಿರ ಬಂದಿರುತ್ತದೆ. ಅಮೆರಿಕದ ಚಿಪ್ಪು, ಭಾರತದ ಪಂಚಾಂಗ, ಆದಾಯ ತೆರಿಗೆ, ಈ ಮೂರೂ ಒಪ್ಪುವ ದಿನವೊಂದು ಸಿಕ್ಕರೆ ರಾಯರು ಖಂಡಿತ ಕೊಳ್ಳುತ್ತಾರೆ.

ನಡುವೆ ಅಮೆರಿಕದಿಂದಲೇ ತರಿಸುವ ಯೋಚನೆಯೂ ಬಂತು. ಅಕ್ಕನ ಮಗ ಸ್ಯಾನ್ ಹೋಸೆಯಲ್ಲಿದ್ದಾನೆ. ಹದಿನೆಂಟು ದಾಟಿದ ಪ್ರಯಾಣಿಕ ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದು ಎಂಬ ನಿಯಮವನ್ನು ರಾಯರು ಅವನಿಗೇ ಹೇಳಿಕೊಟ್ಟರು. "ತರ್ತೀನಿ ಮಾಮ, ಆದ್ರೆ ಯಾವುದು ಅಂತ ಶುಕ್ರವಾರದೊಳಗೆ ಹೇಳಿಬಿಡಿ" ಎಂದ. ಶುಕ್ರವಾರ ಎಂಬ ಮಾತಿಗೇ ರಾಯರು ನೊಂದುಕೊಂಡರು. ಹುಡುಗ ಆ ಸಲ ಬಾದಾಮಿ, ಚಾಕಲೇಟು ತಂದ.

ಒಂದು ಒಳ್ಳೆಯ ವರ್ಕ್‌ಸ್ಟೇಷನ್ ಲ್ಯಾಪ್‌ಟಾಪಿನ ದುಡ್ಡಿನಲ್ಲಿ ಮೇಜಿಗೊಂದು ಡೆಸ್ಕ್‌ಟಾಪೂ ಕೈಗೊಂದು ಹಗುರದ ಲ್ಯಾಪ್‌ಟಾಪೂ ಎರಡೂ ಬರುತ್ತವೆ. ಭಾರದ ಕೆಲಸ ಕೂತಲ್ಲಿ, ಹಗುರದ್ದು ಓಡಾಟಕ್ಕೆ. ಇದಕ್ಕಿಂತ ಸಲೀಸಾದ ಪರಿಹಾರ ನನಗಂತೂ ಹೊಳೆಯುವುದಿಲ್ಲ. ಹೇಳಿ ನೋಡಿದೆ. ರಾಯರು ಕರುಣೆಯಿಂದ ನನ್ನನ್ನೇ ನೋಡಿದರು.

"ಎರಡೂ ತಗೊಳ್ಳೋದು ಆಯ್ಕೆ ಅಲ್ಲ ಸ್ವಾಮಿ. ಅದು ಸೋಲು."

ಇಂಥವರ ಬಳಿ ಸಲಹೆಗೆ ಯಾರು ಬಂದಾರು ಎನ್ನಬೇಡಿ. ಇಡೀ ಬಡಾವಣೆ ಬರುತ್ತದೆ. ಪರರ ವಿಷಯದಲ್ಲಿ ರಾಯರಷ್ಟು ಚುರುಕು ಬುದ್ಧಿಯವರು ಇನ್ನೊಬ್ಬರಿಲ್ಲ. ಎದುರುಮನೆಯ ಡಾಕ್ಟರಿಗೆ, ಮೂಲೆಮನೆಯ ಸಿಎ ಓದುವ ಹುಡುಗಿಗೆ, ಭಜನೆ ಮಂಡಳಿಗೆ, ಎಲ್ಲರಿಗೂ ಕಾಫಿ ಆರುವುದರೊಳಗೆ ಯಾವ ಮಾಡೆಲ್ಲು, ಎಷ್ಟು ಮೆಮೊರಿ, ಎಲ್ಲಿ ಕೊಳ್ಳಬೇಕು ಎಂದು ಚೀಟಿ ಬರೆದುಕೊಟ್ಟಿದ್ದಾರೆ. ಅವರೆಲ್ಲ ಸುಖವಾಗಿದ್ದಾರೆ. ಭಜನೆ ಮಂಡಳಿಯವರು ಚೀಟಿಯನ್ನು ಎಲ್ಲೋ ಕಳೆದುಕೊಂಡು ಅಂಗಡಿಯವನು ಕೊಟ್ಟದ್ದನ್ನು ತಂದರು. ಅವರೂ ಸುಖವಾಗಿದ್ದಾರೆ. ರಾಯರಿಗೆ ಒಪ್ಪಿಗೆಯಾಗದ ಸಂಗತಿ ಅದೊಂದೇ.

ಮೊನ್ನೆ ರಾಯರ ಮಗಳಿಗೆ ಪತ್ರಿಕೆಯೊಂದರಲ್ಲಿ ಕೆಲಸ ಸಿಕ್ಕಿತು. ಜಯನಗರಕ್ಕೆ ಹಾಲು ಮೊಸರು ತರಲು ಹೋದವಳು ಬರುವಾಗ ಕಂಕುಳಲ್ಲಿ ಒಂದು ಡಬ್ಬ ಅವಚಿಕೊಂಡು ಬಂದಳು. ನಾನು ರಾಯರ ಆಫೀಸಿನಲ್ಲೇ ಕೂತಿದ್ದೆ. ಅವಳು ಮೊಸರನ್ನು ಕೋಡಿನ ಪುಸ್ತಕದ ಪಕ್ಕದಲ್ಲಿಟ್ಟು ಡಬ್ಬ ಬಿಚ್ಚಿದಳು. ತೆಳ್ಳನೆಯ ತಿಳಿನೀಲಿ ಲ್ಯಾಪ್‌ಟಾಪು.

"ಯಾವಾಗ ವಿಚಾರಿಸಿದೆ?" ಎಂದರು ರಾಯರು, ಎದ್ದು ನಿಂತು.

"ವಿಚಾರಿಸಲಿಲ್ಲ ಅಪ್ಪ. ಅಲ್ಲಿಟ್ಟಿದ್ರು, ತಗೊಂಡೆ. ಇಎಂಐ ಇದೆ."

"ಥರ್ಮಲ್ಸ್ ನೋಡಿದ್ಯಾ? ಎಷ್ಟು ನಿಟ್ಸು?"

"ಬಣ್ಣ ಚೆನ್ನಾಗಿತ್ತು."

ರಾಯರು ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಬ್ಯಾಗಿಗೆ ಕೈ ಹೋಯಿತು, ತಕ್ಕಡಿ ಬಂತು, ಬಟ್ಟೆ ಚೀಲ ಬಂತು. 1.24. ಡಬ್ಬದ ಮೇಲೆ ಅಚ್ಚಾದದ್ದೂ ಅಷ್ಟೇ. ಕಂಪನಿಯ ಮಾತು ಇಷ್ಟು ಸರಿಯಾಗಿ ಹೊಂದಿದ್ದು ಅವರಿಗೆ ಹಿಡಿಸಲಿಲ್ಲ.

"ಚಾರ್ಜರ್ ಎಲ್ಲಿ? ಅದನ್ನ ಸೇರಿಸಿಲ್ಲ."

"ನನ್ನ ಫೋನ್ ಚಾರ್ಜರೇ ಇದಕ್ಕೂ ಆಗತ್ತಂತೆ ಅಪ್ಪ. ಬೇರೆ ಹೊರೋದು ಬೇಡ."

ರಾಯರ ಹುಬ್ಬು ಗಂಟಿಕ್ಕಿತು. ಆಮೇಲೆ ನಿಧಾನವಾಗಿ ಬಿಚ್ಚಿಕೊಂಡಿತು. ಕುರ್ಚಿ ಎಳೆದುಕೊಂಡು ಎಕ್ಸೆಲ್ ಹಾಳೆ ತೆರೆದರು.

"ಹಾಗಾದ್ರೆ ಆ ಚಾರ್ಜರಿನ ತೂಕ ಫೋನಿನ ಲೆಕ್ಕಕ್ಕೋ ಲ್ಯಾಪ್‌ಟಾಪಿನ ಲೆಕ್ಕಕ್ಕೋ?" ಎಂದು ನನ್ನನ್ನು ಕೇಳಿದರು. "ಎರಡು ಸ್ಲ್ಯಾಬಿನ ನಡುವಿನ ಬೀಮಲ್ವಾ ಇದು? ಅರ್ಧರ್ಧ ಹಂಚಬೇಕಾಗತ್ತೆ. ತಾಳಿ, ಒಂದು ಕಾಲಮ್ ಹಾಕ್ತೀನಿ."